ಈಮ್ಯಾಕ್ಸ್‌ನಲ್ಲಿ ಜಪಾನಿ ಟೈಪಿಂಗ್: ಐಎಂಇ ಎಡಿಟರ್ ಒಳಗೇ ಇರಲಿ

ಹಿಂಜವಡಿ, ಖರಾಡಿ ಕಡೆ ಜಪಾನಿ ಗ್ರಾಹಕರ ಪ್ರಾಜೆಕ್ಟ್ ನೋಡಿಕೊಳ್ಳುವ ಪುಣೆಯ ಕನ್ನಡಿಗರಿಗೆ ಕೋಡ್ ಇಂಗ್ಲಿಷಿನಲ್ಲಿ, ಕಾಮೆಂಟ್ ಜಪಾನಿಯಲ್ಲಿ, ತಮ್ಮ ನೋಟ್ಸ್ ಕನ್ನಡದಲ್ಲಿ. ಸಿಸ್ಟಂಗೆ ಜಪಾನಿ ಕೀಬೋರ್ಡ್ ಸೇರಿಸಿಬಿಟ್ಟರೆ ಬ್ರೌಸರ್‌ಗೇನೋ ಸಾಕು, ಈಮ್ಯಾಕ್ಸ್ ಎಂಬ ಕೋಡ್ ಎಡಿಟರ್‌ಗೆ ಸಾಲದು.

ಕಾರಣ ಇಷ್ಟೇ. ಸಿಸ್ಟಂ ಐಎಂಇ (ಒತ್ತಿದ ಇಂಗ್ಲಿಷ್ ಕೀಗಳನ್ನು ಜಪಾನಿ ಅಕ್ಷರವಾಗಿಸುವ ಪ್ರೋಗ್ರಾಂ) ಆನ್ ಇದ್ದಾಗ ಒತ್ತಿದ ಅಕ್ಷರ ಮೊದಲು ಅದರ ಕೈಗೆ ಹೋಗುತ್ತದೆ. ಕಂಟ್ರೋಲ್-ಎಕ್ಸ್ ಒತ್ತಿ ಬಿ ಒತ್ತಿದರೆ ಬಫರ್ (ತೆರೆದಿಟ್ಟ ಫೈಲ್) ಬದಲಾಗುವುದಿಲ್ಲ, ಆ ಬಿ ಜಪಾನಿ ಅಕ್ಷರವಾಗಲು ಕಾಯುತ್ತಾ ಕೂರುತ್ತದೆ. ಸಾಲದ್ದಕ್ಕೆ ಎಫ್‌ಸಿಐಟಿಎಕ್ಸ್ (ಲಿನಕ್ಸ್‌ನ ಐಎಂಇ ವ್ಯವಸ್ಥೆ) ಆನ್-ಆಫ್ ಮಾಡುವ ಕಂಟ್ರೋಲ್-ಸ್ಪೇಸ್ ಈಮ್ಯಾಕ್ಸ್‌ನಲ್ಲಿ ಮಾರ್ಕ್ (ಆಯ್ಕೆ ಶುರುವಾಗುವ ಜಾಗ) ಇಡುವ ಕೀ.

ಉಬುಂಟು ಅಥವಾ ಡೆಬಿಯನ್ ಆದರೆ ‘ಈಮ್ಯಾಕ್ಸ್-ಮೊಜ್ಕ್’ ಪ್ಯಾಕೇಜ್ ಹಾಕಿ; ಮೊಜ್ಕ್ (ಎಂ, ಓ, ಜಡ್, ಸಿ) ಈಮ್ಯಾಕ್ಸ್ ಒಳಗಿಂದಲೇ ಬಳಸಬಹುದಾದ ಜಪಾನಿ ಐಎಂಇ. (ಇಲ್ಲಿನ ಹೆಸರುಗಳನ್ನೆಲ್ಲ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು.) ಈಮ್ಯಾಕ್ಸ್ ಪ್ಯಾಕೇಜ್‌ಗಳ ಭಂಡಾರವಾದ ಮೆಲ್ಪಾದಿಂದ ಬರೀ ಲಿಸ್ಪ್ ಫೈಲ್ ತಂದರೆ ನಡೆಯದು; ಪದ ಪರಿವರ್ತಿಸುವ ‘ಮೊಜ್ಕ್ ಈಮ್ಯಾಕ್ಸ್ ಹೆಲ್ಪರ್’ ಎಂಬ ಪ್ರೋಗ್ರಾಂ ಬೇರೆಯೇ ಇದೆ, ಅದಿಲ್ಲದೆ ಎರರ್ ಖಚಿತ. ಇನಿಟ್ ಫೈಲಿನಲ್ಲಿ (ಈಮ್ಯಾಕ್ಸ್ ಶುರುವಾಗುವಾಗ ಓದುವ ಸೆಟ್ಟಿಂಗ್ ಫೈಲ್) ಮೊಜ್ಕ್ ಅನ್ನು ರಿಕ್ವೈರ್ ಮಾಡಿ, ‘ಡಿಫಾಲ್ಟ್-ಇನ್‌ಪುಟ್-ಮೆಥಡ್’ಗೆ ‘ಜಪಾನೀಸ್-ಮೊಜ್ಕ್’ ಕೊಡಿ. ಅಲ್ಲಿಂದ ಕಂಟ್ರೋಲ್-ಬ್ಯಾಕ್‌ಸ್ಲ್ಯಾಶ್ ಒತ್ತಿದರೆ ಜಪಾನಿ, ಮತ್ತೆ ಒತ್ತಿದರೆ ಇಂಗ್ಲಿಷ್. ಸ್ಪೇಸ್ ಕಾಂಜಿ (ಚೀನೀ ಮೂಲದ ಅಕ್ಷರ) ಆಯ್ಕೆಗಳನ್ನು ತೋರಿಸುತ್ತದೆ, ಎಂಟರ್ ಖಾಯಂ ಮಾಡುತ್ತದೆ, ಎಫ್7 ಕತಾಕಾನಾ (ವಿದೇಶಿ ಪದಗಳಿಗೆ ಬಳಸುವ ಲಿಪಿ) ಮಾಡುತ್ತದೆ. ಆಯ್ಕೆಪಟ್ಟಿ ಮಿನುಗಿ ಕಾಟ ಕೊಟ್ಟರೆ ‘ಮೊಜ್ಕ್-ಕ್ಯಾಂಡಿಡೇಟ್-ಸ್ಟೈಲ್’ ಅನ್ನು ‘ಎಕೋ-ಏರಿಯಾ’ ಮಾಡಿ. ನೋಡಲು ಚೆಂದವಿಲ್ಲ, ಆದರೆ ಗಟ್ಟಿ.

‘ಸೆಟ್-ಲ್ಯಾಂಗ್ವೇಜ್-ಎನ್ವಿರಾನ್‌ಮೆಂಟ್’ ಅನ್ನು ಜಪಾನೀಸ್ ಮಾಡುವ ಸಲಹೆ ಅಲ್ಲಲ್ಲಿ ಸಿಗುತ್ತದೆ. ಬೇಡ. ಅದು ಎನ್‌ಕೋಡಿಂಗ್ ಆದ್ಯತೆಯನ್ನೂ ಬದಲಿಸುತ್ತದೆ, ಹೊಸ ಫೈಲ್ ಯುಟಿಎಫ್-8 ಬಿಟ್ಟು ಹಳೆಯ ಜಪಾನಿ ಎನ್‌ಕೋಡಿಂಗ್‌ಗಳಾದ ಇಯುಸಿಯಲ್ಲೋ ಸಿಪಿ932ರಲ್ಲೋ ಸೇವ್ ಆಗಬಹುದು. ಗ್ರಾಹಕರು ಕಳಿಸಿದ ಹಳೆಯ ಶಿಫ್ಟ್-ಜಿಸ್ ಫೈಲ್ ಕಲಸುಮೇಲೋಗರವಾಗಿ ಕಂಡರೆ, ತಿದ್ದುವ ಮೊದಲೇ ಕಂಟ್ರೋಲ್-ಎಕ್ಸ್, ಎಂಟರ್, ಆರ್ ಒತ್ತಿ ಸಿಪಿ932 (ಶಿಫ್ಟ್-ಜಿಸ್‌ನ ವಿಂಡೋಸ್ ರೂಪ) ಅನ್ನಿ.

ಕನ್ನಡಿಗರ ಕೈ ಹೆಚ್ಚಾಗಿ ತಪ್ಪುವುದು ದೀರ್ಘದಲ್ಲಿ. ಟೋಕ್ಯೋ ಅಂತ ಕಿವಿಗೆ ಕೇಳಿದರೂ ಟಿ, ಓ, ಯು, ಕೆ, ವೈ, ಓ, ಯು ಎಂದೇ ಒತ್ತಬೇಕು; ಎರಡು ಓ ಹಾಕಿದರೆ ನಿಘಂಟಿನ ಓದಿಗೆ ಹೊಂದುವುದಿಲ್ಲ. ಕತಾಕಾನಾ ಪದಗಳಲ್ಲಿ ದೀರ್ಘಕ್ಕೆ ಹೈಫನ್ ಕೀ: ಸರ್ವರ್‌ಗೆ ಎಸ್, ಎ, ಹೈಫನ್, ಬಿ, ಎ, ಹೈಫನ್. ಇನ್ನೊಂದು ಅರ್ಧ ‘ನ್’. ಅದರ ಮುಂದೆ ಸ್ವರ ಬಂದರೆ ಎನ್ ಎರಡು ಸಲ ಒತ್ತಿ. ಒಂದೇ ಒತ್ತಿದರೆ ‘ಕಿನ್‌ಎನ್’, ಅಂದರೆ ಧೂಮಪಾನ ನಿಷೇಧ, ‘ಕಿನೆನ್’ ಆಗಿ ಸ್ಮರಣಾರ್ಥ ಎಂಬ ಅರ್ಥಕ್ಕೆ ಹೋಗುತ್ತದೆ.

ಏನೂ ಇನ್‌ಸ್ಟಾಲ್ ಮಾಡಲು ಅನುಮತಿ ಇಲ್ಲದ ಮೆಷಿನ್‌ನಲ್ಲಿ ಈಮ್ಯಾಕ್ಸ್ ಜೊತೆಗೇ ಬರುವ ‘ಜಪಾನೀಸ್’ ವಿಧಾನ ಇದೆ. ಉದ್ದ ವಾಕ್ಯಕ್ಕೆ ಆಗದು, ಒಂದೆರಡು ಪದದ ಕಾಮೆಂಟ್‌ಗೆ ಸಾಕು. ಅಲ್ಲಿ ಎರಡು ಎನ್ ನಡೆಯಬೇಕಾದರೆ ‘ಕ್ವೇಲ್-ಜಪಾನೀಸ್-ಯೂಸ್-ಡಬಲ್-ಎನ್’ ಅನ್ನು ಟಿ (ಅಂದರೆ ಹೌದು) ಮಾಡಿಕೊಳ್ಳಿ.

ವಿಮ್ ಎಂಬ ಇನ್ನೊಂದು ಎಡಿಟರ್ ಬಳಸುವವರು ಸಿಸ್ಟಂ ಐಎಂಇ ಇಟ್ಟುಕೊಂಡೇ, ‘ಇನ್ಸರ್ಟ್‌ಲೀವ್’ ಆಟೋಕಮಾಂಡ್‌ನಲ್ಲಿ (ಟೈಪಿಂಗ್ ಮೋಡ್ ಬಿಟ್ಟಾಗ ತಾನಾಗಿ ಓಡುವ ಆಜ್ಞೆ) ‘ಎಫ್‌ಸಿಐಟಿಎಕ್ಸ್5-ರಿಮೋಟ್ -ಸಿ’ ಓಡಿಸಬೇಕು. ಇಲ್ಲದಿದ್ದರೆ ಎಸ್ಕೇಪ್ ಒತ್ತಿದ ಮೇಲೂ ಜಪಾನಿ ಆನ್ ಇದ್ದು, ಡಿಡಿ ಒತ್ತಿದರೆ ಸಾಲು ಅಳಿಯುವುದಿಲ್ಲ.

ಯಾವ ಎಡಿಟರ್ ಆದರೂ ಕಣ್ಣಿಗೆ ಬೀಳದ ಒಂದು ಕಳ್ಳ ಇದ್ದಾನೆ: ಜಪಾನಿ ಮೋಡ್‌ನಲ್ಲಿ ಬೀಳುವ ಅಗಲ ಸ್ಪೇಸ್, ಯು+3000. ಕೋಡಿನ ನಡುವೆ ಸೇರಿದರೆ ಪೈಥಾನ್ ಸಿಂಟ್ಯಾಕ್ಸ್ ಎರರ್ ಕೊಡುತ್ತದೆ, ಸಾಲು ನೋಡಿದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ವಿಮ್‌ನಲ್ಲಿ ಬ್ಯಾಕ್‌ಸ್ಲ್ಯಾಶ್, ಶೇಕಡಾ ಚಿಹ್ನೆ, ಯು3000 ಎಂದು ಹುಡುಕಿದರೆ ಸಿಗುತ್ತದೆ.

ಕನ್ನಡದ ನೋಟ್ಸ್‌ಗೆ ಕಂಟ್ರೋಲ್-ಯು ಒತ್ತಿ, ನಂತರ ಕಂಟ್ರೋಲ್-ಬ್ಯಾಕ್‌ಸ್ಲ್ಯಾಶ್ ಒತ್ತಿ ‘ಕನ್ನಡ-ಐಟ್ರಾನ್ಸ್’ ಆರಿಸಿ.