ಗಣಪ್ಪನ ಹಾಡು ಟೇಪಿಗೆ ಬೀಳಲೇ ಇಲ್ಲ

ಮೈಕ್ ಸೆಟ್ ಹುಡುಗರ ಕೈಗೆ ಒಂದು ಚಟ ಅಂಟಿರ್ತೈತಿ. ಯಾವ ಮಷಿನ್ ಕೊಟ್ರೂ ಮೊದಲು ವಾಲ್ಯೂಮ್ ತಿರುವಿ ಮುಳ್ಳು ಕೆಂಪಿಗೆ ಹೋಗತೈತೋ ಇಲ್ಲೋ ನೋಡೋದು, ಹೋತಂದ್ರ ಸಮಾಧಾನ. ಗಂಗಾವತ್ಯಾಗ ನಮ್ಮ ಮಾವಂದು ಶಾಮಿಯಾನ ಮತ್ತ ಸೌಂಡ್ಸ್ ಅಂಗಡಿ ಇತ್ತು, ಅಹುಜಾ ಆಂಪ್ಲಿಫೈಯರ್, ನಾಲ್ಕು ಹಾರ್ನ್, ಎರಡು ಕ್ಯಾಸೆಟ್ ಹಾಕೋ ಒಂದು ಡಬಲ್ ಡೆಕ್, ಅದರ ಜೋಡಿ ವಿಡಿಯೋ ಕ್ಯಾಸೆಟ್ ಹಚ್ಚೋ ಒಂದು ವಿಸಿಪಿ, ಕಲರ್ ಟಿವಿ ಸಮೇತ ಬಾಡಿಗಿಗೆ. ನಾನು ಪಿಯುಸಿ ಫೇಲಾಗಿ ಅಲ್ಲೇ ಕುಂತವ. ಹಾರ್ನ್ ಊರಾಚಿ ಕಾಲುವಿ ತನಕ ಕೇಳ್ತಂದ್ರ ಬಾಡಿಗಿ ಎದಿ ಸೆಟದು ಕೇಳಬೌದು, ಕೇಳಲಿಲ್ಲಂದ್ರ ಊರ ಮಂದಿ ನೂರು ರೂಪಾಯಿ ಮುರಕೊಂಡೇ ಕೊಡೋರು.

1999ರ ಮಾರ್ಚ್ ಇರಬೇಕು. ಕೊಪ್ಪಳ ರಾಯಚೂರಿಂದ ಬ್ಯಾರೆ ಜಿಲ್ಲೆ ಆಗಿ ಎರಡು ವರ್ಷನೂ ತುಂಬಿರಲಿಲ್ಲ, ನಮ್ಮ ಅಂಗಡಿ ಬೋರ್ಡಿನ ಮ್ಯಾಲ ಇನ್ನೂ ಜಿಲ್ಲಾ ರಾಯಚೂರು ಅಂತಾನೇ ಇತ್ತು. ಬೆಂಗಳೂರಿಂದ ಒಬ್ರು ಮೇಷ್ಟ್ರು ಬಂದಿದ್ರು, ತುಂಗಭದ್ರಾ ಎಡದಂಡೆ ಕಾಲುವಿ ಮ್ಯಾಲಿನ ಒಂದು ಹಳ್ಳ್ಯಾಗ ಜಾತ್ರಿ ಮರುದಿನ ದೊಡ್ಡಾಟ, ಅಂದ್ರ ಹಾಡು ಕುಣಿತದ ಬಯಲಾಟ, ಅದನ್ನ ಇಡೀ ರಾತ್ರಿ ರೆಕಾರ್ಡ್ ಮಾಡಬೇಕು, ಕೇಬಲ್ ಎಳಿಯೋಕೆ ಗೊತ್ತಿರೋ ಹುಡುಗ ಒಬ್ಬ ಬೇಕು ಅಂದ್ರು. ಮಾವ ನನ್ನ ಕಡೆ ಬಟ್ಟು ಮಾಡಿದ. ದಿನಕ್ಕ ನೂರೈವತ್ತು, ಊಟ ಅವರದು.

ಲಾಡ್ಜಿನ್ಯಾಗ ಅವರು ಹೆಗಲ ಚೀಲ ಬಿಚ್ಚಿದಾಗ ನಂಗೆ ನಗು ಬಂದಿತ್ತು. ಇಷ್ಟು ಸಣ್ಣ ಮಷಿನ್ನಾ ಅಂತ. ಟಾಸ್ಕಾಮ್ ಕಂಪನಿದು, ಒಂದು ದಪ್ಪ ಡಿಕ್ಷನರಿಯಷ್ಟು ದೊಡ್ಡದು, ಮ್ಯಾಲ ಒಂದಿಷ್ಟು ಬಟನ್, ಲೆವೆಲ್ಲಿಗೆ ಒಂದು ಗುಂಡಿ, ಒಂದು ಸಣ್ಣ ಡಿಸ್‌ಪ್ಲೇ. ಕ್ಯಾಸೆಟ್ಟು ಇನ್ನೂ ಸಣ್ಣದು, ಬೆಂಕಿಪೊಟ್ಟಣಕ್ಕಿಂತ ಒಂಚೂರು ದೊಡ್ಡದು. ಇದರಾಗ ಎಷ್ಟೊತ್ತು ಬರ್ತೈತ್ರಿ ಸರಾ ಅಂದ್ರ ಎರಡು ತಾಸು ಅಂದ್ರು, ಒಂದೇ ಬಾಜೂಕ, ತಿರುವಿ ಹಾಕೋದು ಇಲ್ಲ. ನಾ ನಂಬಲಿಲ್ಲ. ಆಗ ಅವರು ಅಂದ್ರು, ನಿಮ್ಮ ಮಾಮೂಲಿ ಕ್ಯಾಸೆಟ್ ಸೆಕೆಂಡಿಗೆ 47 ಮಿಲಿಮೀಟರ್ ಚಿಲ್ಲರೆ ಓಡತ್ತೆ, ಇದು ಬರೀ 8 ಚಿಲ್ಲರೆ, ಆದ್ರೆ ಟೇಪಿಗೆ ಧ್ವನಿ ಬರೆಯೋ ಹೆಡ್ಡು ಸುಮ್ನೆ ನಿಂತಿರಲ್ಲ, ಡ್ರಮ್ ಅನ್ನೋ ಸಣ್ಣ ಉರುಳೆ ಮೇಲೆ ನಿಮಿಷಕ್ಕೆ 2000 ಸುತ್ತು ತಿರುಗ್ತಾ ಟೇಪಿನ ಮೇಲೆ ಓರೆಯಾಗಿ ಗೆರೆ ಎಳೀತಾ ಹೋಗತ್ತೆ. ಅಲ್ಲಿಗೆ ತಿಳೀತು. ವಿಸಿಪಿ ಹೆಡ್ಡು ಇದ್ದಂಗ! ನಮ್ಮ ವಿಸಿಪಿ ಹೆಡ್ ನಾನೇ ಎಷ್ಟು ಸಲ ಸ್ಪಿರಿಟ್ ಹಚ್ಚಿ ಒರಸಿಲ್ಲ. ಇದಕ್ಕ ಕೈ ಹಚ್ಚಂಗಿಲ್ಲ ಅಂತ ಅವತ್ತೇ ಹೇಳಿಬಿಟ್ರು, ನನ್ನ ಮುಖ ನೋಡೇ ತಿಳದಿರಬೇಕು.

ಇದಕ್ಕ ಡ್ಯಾಟ್, ಅಂದ್ರ ಡಿಜಿಟಲ್ ಆಡಿಯೋ ಟೇಪ್ ಅಂತಾರ, 1987ರಾಗ ಸೋನಿಯವರು ತಂದಿದ್ದು. ಮನಿ ಮಂದಿಗೆ ಅಂತ ಮಾಡಿದ ಮಷಿನ್ನಿನ್ಯಾಗ ಡಿಜಿಟಲ್ ಕಾಪಿಯಿಂದ ಮತ್ತ ಡಿಜಿಟಲ್ ಕಾಪಿ ತಗೀದಂಗ ಒಂದು ಬೀಗ ಹಾಕಿದ್ರಂತ, ಹಾಡಿನ ಕಂಪನಿಗಳ ಗಲಾಟಿಗೆ. ಇದು ಸ್ಟುಡಿಯೋ ಮಂದಿ ಮಷಿನ್, ಆ ಕಾಟ ಇಲ್ಲ ಅಂದ್ರು. ನಂಗೆ ಆ ಬೀಗದ ಮಾತು ಭಾಳ ಹಿಡಿಸ್ತು, ಯಾಕಂದ್ರ ನಮ್ಮ ಅಂಗಡಿ ಅರ್ಧ ಗಳಿಕೆ ಡಬಲ್ ಡೆಕ್ಕಿನ್ಯಾಗ ಕಾಪಿ ಹೊಡದಿದ್ರಿಂದಾನೇ ಬರ್ತಿತ್ತು.

ಆಮ್ಯಾಲ ಪಾಠ. ಸ್ಯಾಂಪ್ಲಿಂಗ್ ಸ್ವಿಚ್ಚು, ಅಂದ್ರೆ ಧ್ವನೀನ ಸೆಕೆಂಡಿಗೆ ಎಷ್ಟು ಸಲ ಅಳೀಬೇಕು ಅನ್ನೋದು, 48 ಕಿಲೋಹರ್ಟ್ಸಿಗೆ ಇಡು, 44.1 ಅಂದ್ರೆ ಸಿಡಿ ಲೆಕ್ಕ, 32 ಮುಟ್ಟಲೇಬೇಡ. ಮೈಕಿಗೆ 48 ವೋಲ್ಟ್ ಫ್ಯಾಂಟಮ್ ಆನ್ ಮಾಡು, ಈ ಮೈಕು ನಮ್ಮ ಮೈಕಿನಂಗಲ್ಲ, ಕೇಬಲ್ಲಿನ್ಯಾಗೇ ಕರೆಂಟ್ ಕುಡೀತಾವ. (ಎರಡು 48 ಯಾಕಂತ ನಂಗೆ ರಾತ್ರಿಯೆಲ್ಲಾ ಗೊಂದಲ, ಒಂದಕ್ಕೊಂದು ಸಂಬಂಧನೇ ಇಲ್ಲಂತ.) ಸೌಂಡ್ ಜಾಸ್ತಿ ಬಂದ್ರೆ ಪ್ಯಾಡ್ ಹಾಕು, 20 ಡೆಸಿಬೆಲ್ ಇಳೀತದೆ. ಮತ್ತ ಲೆವೆಲ್ಲು. ಇಲ್ಲಿ ನಮ್ಮಿಬ್ಬರಿಗೆ ಜಗಳಾನೇ ಆತು ಅನ್ರಿ. ಮೀಟರಿನ ಗೆರಿ ಮೈನಸ್ 12ರ ಆಸುಪಾಸು ಆಡ್ಲಿ, ಸೊನ್ನೆ ಮುಟ್ಟಬಾರ್ದು ಅಂತಾರವರು. ಸರಾ ಅಷ್ಟು ಸಣ್ಣಗಿಟ್ರ ಟೇಪಿನ ಸುಯ್ ಸೌಂಡೇ ಜಾಸ್ತಿ ಬರ್ತೈತ್ರಿ ಅಂತ ನಾನು. ಅವರು ಹೆಡ್‌ಫೋನ್ ನನ್ನ ಕಿವಿಗೆ ಹಾಕಿ, ಮೈಕಿಗೆ ಬಾಯಿ ಹಚ್ಚಿ ಕೂಗು ಅಂದ್ರು. ಹಲೋ ಹಲೋ ಮೈಕ್ ಟೆಸ್ಟಿಂಗ್ ಅಂತ ಒದರಿದೆ. ಆಮ್ಯಾಲ ಹಚ್ಚಿ ಕೇಳಿಸಿದ್ರು. ನಮ್ಮ ಡೆಕ್ಕಿನ್ಯಾಗ ಕೆಂಪಿಗೆ ಹೋದ್ರ ಧ್ವನಿ ಒಂಚೂರು ದಪ್ಪಾಗಿ, ಕೊಬ್ಬು ಬಂದಂಗ ಆಗ್ತೈತಿ, ಕೆಲವೊಮ್ಮೆ ಚಂದಾನೂ ಅನಸ್ತೈತಿ. ಇದರಾಗ ಹಂಗಿಲ್ಲ. ಹಂಚಿನ ಮ್ಯಾಲ ಉಸುಕು ಉಜ್ಜಿದಂಗ ಕರ್ ಕರ್. ಸೊನ್ನೆ ಮ್ಯಾಲ ಬರಿಯೋಕೆ ಅಂಕಿನೇ ಇಲ್ವಲ್ಲಪ್ಪಾ, ಹಂಗಾಗಿ ತಲೆ ಕತ್ತರಿಸಿಬಿಡತ್ತೆ ಅಂದ್ರು. ಟೇಪು ಪೂರ್ತಿ ಸುಮ್ಮನಿದ್ದಾಗ ಸುಯ್ ಅನ್ನೋದೂ ಇರಲಿಲ್ಲ. ಸೋತೆ.

ಕಡೀಗೆ ಹೇಳಿದ್ದು, ನೋಡಪ್ಪಾ, ರೆಕ್ ಒತ್ತಿದ್ರೆ ಮಷಿನ್ ರೆಡಿ. ಆಮೇಲೆ ಪ್ಲೇ. ನಾನು ಹೂಂ ಅಂದೆ. ನಮ್ಮ ಅಂಗಡ್ಯಾಗ ರೆಡಿ ಅಂದ್ರ ಕೆಲಸ ಮುಗೀತು ಅಂತ. ಶಾಮಿಯಾನ ರೆಡಿ, ಲೈಟಿಂಗ್ ರೆಡಿ, ಊಟ ರೆಡಿ.

ಹಳ್ಳಿಗೆ ಸಂಜಿ ನಾಕಕ್ಕೇ ಹೋದ್ವಿ. ಗುಡಿ ಮುಂದ ಅಟ್ಟ ಕಟ್ಟಿದ್ರು, ಹಲಗಿ ಹಾಕಿ, ಹಿಂದ ಹಿಮ್ಮೇಳಕ್ಕ ಜಾಗ. ಇಲ್ಲಿ ಮಾತ್ರ ನನ್ನ ಬುದ್ಧಿ ಉಪಯೋಗಕ್ಕ ಬಂತು. ಮೇಷ್ಟ್ರು ಅಟ್ಟದ ಮ್ಯಾಲೇ ಮೈಕ್ ಸ್ಟ್ಯಾಂಡ್ ಇಡೋಕೆ ಹೊಂಟಿದ್ರು, ನಾ ಬ್ಯಾಡ್ರಿ ಅಂದೆ, ಭೀಮನ ಪಾತ್ರದವ ಗೆಜ್ಜಿ ಕಟ್ಟಿ ಹಾರಿದ್ರ ಹಲಗಿಯಿಂದ ಸ್ಟ್ಯಾಂಡಿಗೆ ಗುದ್ದು ಬರ್ತೈತ್ರಿ. ಅಟ್ಟದ ಬುಡಕ್ಕ ನೆಲದ ಮ್ಯಾಲ ಸ್ಟ್ಯಾಂಡ್ ನಿಲ್ಲಿಸಿ, ಕೆಳಗ ಎರಡು ಗೋಣಿಚೀಲ ಮಡಚಿ ಹಾಕಿ, ಹಿಮ್ಮೇಳದ ಕಡೆ ಮುಖ ಮಾಡಿ ಎತ್ತರಕ್ಕ ಏರಿಸಿದೆ. ಊರವರ ಜನರೇಟರ್ ಗುಡಿ ಹಿಂದಕ್ಕ ದೂಡಿಸಿದೆ, ಅದಕ್ಕ ಒಬ್ಬರ ಹತ್ರ ಬೈಸ್ಕೊಂಡೆ. ನಮ್ಮ ಮಷಿನ್ ಬ್ಯಾಟರಿ ಮ್ಯಾಲೇ ಓಡಬೇಕು, ಬ್ಯಾಟರಿ ಒಂದಕ್ಕ ಎರಡು ತಾಸು ಬಂದ್ರ ಪುಣ್ಯ, ಬ್ಯಾಗಿನ್ಯಾಗ ಇನ್ನೂ ನಾಕು ಇದ್ದವು.

ಬಣ್ಣದ ಮನ್ಯಾಗ ಹೋಗಿ ದುರ್ಯೋಧನನ ಪಾತ್ರದವರಿಗೆ ಒಮ್ಮೆ ಜೋರಾಗಿ ಕೂಗ್ರಿ ಅಣ್ಣಾರ, ಲೆವೆಲ್ ನೋಡಬೇಕು ಅಂದೆ. ಅವರು ಅರ್ಧ ಮೀಸಿ ಬರಕೊಂಡು ಕುಂತಿದ್ರು. ಕಿರೀಟ ಇಲ್ಲದ ಕೂಗಂಗಿಲ್ಲ ಅಂದ್ರು. ಕಿರೀಟ ಇಟ್ಟ ಮ್ಯಾಲ ಬಂದು ಕೇಳಿದೆ, ಒಂದು ಸಣ್ಣ ಹೂಂಕಾರ ಹೊಡದು ಸಾಕಾ ಅಂದ್ರು. ಸಾಕ್ರಿ ಅಂದೆ. ಸೌಂಡ್ ಚೆಕ್ಕಿನ್ಯಾಗ ಹತ್ತು ಪೈಸಾ, ಅಟ್ಟದ ಮ್ಯಾಲ ಒಂದು ರೂಪಾಯಿ, ಇದು ಎಲ್ಲಾ ಕಲಾವಿದರ ಜಾತಿಗುಣ, ಗೊತ್ತಿದ್ದೂ ಮರತೆ.

ರಾತ್ರಿ ಹತ್ತೂವರಿ. ಮೇಷ್ಟ್ರು ಬಣ್ಣದ ಮನ್ಯಾಗ ಫೋಟೋ ತಗೀತಾ ಇದ್ರು. ಹೋಗೋಕಿಂತ ಮುಂಚೆ, ಗಣಪತಿ ಸ್ತುತಿ ಶುರುವಾಗೋಕೆ ಮೊದ್ಲೇ ಓಡಿಸಿಬಿಡು ಅಂತ ಹೇಳಿದ್ರು. ಕಾಯಿ ಒಡದ್ರು, ಮದ್ದಳಿ ಡಬ್ ಅಂತು, ನಾ ರೆಕ್ ಒತ್ತಿದೆ. ಕೆಂಪು ದೀಪ ಹತ್ತಿತು. ಅದರ ಬಾಜೂಕ ಇನ್ನೊಂದು ದೀಪನೂ ಹತ್ತಿತು, ಹತ್ಲಿ ಬಿಡು. ಹೆಡ್‌ಫೋನಿನ್ಯಾಗ ಆಟದ ಮಾಸ್ತರಜ್ಜನ ಧ್ವನಿ ಎಷ್ಟು ಚಂದ ಬರ್ತಿತ್ತಂದ್ರ, ಹಾರ್ಮೋನಿಯಂ ಎಡಕ್ಕ, ಮದ್ದಳಿ ಬಲಕ್ಕ, ತಾಳ ನಡುವ, ಹಿಂದ ಗದ್ದ್ಯಾಗಿನ ಕಪ್ಪಿ ವಟವಟ, ಅಜ್ಜ ಒಂದೊಂದು ಸಾಲು ಎಳದು ಬಿಟ್ಟಾಗ ಹಿಂದಿನವರು ಎತ್ತಿಕೊಳ್ಳೋದು. ಆರು ವರ್ಷ ಮೈಕ್ ಸೆಟ್ ಹೊತ್ತು ಹಿಂಗ ಕೇಳಿರಲೇ ಇಲ್ಲ, ನಮ್ಮ ಹಾರ್ನಿನ್ಯಾಗ ಎಲ್ಲಾ ಒಂದೇ ಡಬ್ಬಿ ಧ್ವನಿ. ಮೀಟರಿನ ಗೆರಿ ಮೈನಸ್ 12ರ ಹತ್ರ ಹೇಳಿದಂಗ ಕುಣೀತಿತ್ತು. ನಾ ಕಣ್ಣು ಮುಚ್ಚಿ ಕುಂತೆ.

ಒಂದು ಐದಾರು ನಿಮಿಷ ಆಗಿರಬೇಕು, ಮಷಿನ್ನಿನ ಹೊಟ್ಟ್ಯಾಗ ಕಟಕ್ ಅಂತು, ಕಣ್ಣು ಬಿಟ್ಟು ನೋಡಿದ್ರ ಕೆಂಪು ದೀಪ ಆರೈತಿ. ಕೌಂಟರ್ ನೋಡಿದೆ. ಪೂರಾ ಸೊನ್ನಿ. ಅಂದ್ರ ಟೇಪು ಒಂದು ಗೇಣು ಬ್ಯಾಡ, ಒಂದು ನೂಲಿನಷ್ಟೂ ಓಡಿಲ್ಲ!

ಮೈಯಾಗಿನ ನೀರು ಇಳೀತು. ಗಡಬಡಿಸಿ ರೆಕ್ ಒತ್ತಿ, ಈ ಸಲ ಪ್ಲೇನೂ ಒತ್ತಿದೆ, ಅಂಕಿ ಓಡಾಕ ಹತ್ತಿತು. ಸ್ಟ್ಯಾಂಡಿನ ಬುಡಕ್ಕೇ ಕುಂತಿದ್ದೆ, ಮೈಕು ತಲಿ ಮ್ಯಾಲೇ ಐತಿ ಅನ್ನೋದು ಮರತು ಬಾಯಿಂದ ಬಂದೇ ಬಿಡ್ತು, "ಅವ್ನೌನ, ಇದು ಓಡೇ ಇಲ್ಲಲ್ಲೋ!"

ಆಮ್ಯಾಲ ಮೇಷ್ಟ್ರು ಬಿಡಿಸಿ ಹೇಳಿದ್ರು. ರೆಕ್ ಒಂದೇ ಒತ್ತಿದ್ರ ಅದು ರೆಕಾರ್ಡ್ ಪಾಜ್, ಡ್ರಮ್ಮು ಗಿರಗಿರ ತಿರುಗ್ತಿರ್ತೈತಿ, ಮೀಟರ್ ಆಡ್ತೈತಿ, ಹೆಡ್‌ಫೋನಿಗೆ ಸೌಂಡ್ ಬರ್ತೈತಿ, ಟೇಪು ಮಾತ್ರ ನಿಂತಲ್ಲೇ ನಿಂತಿರ್ತೈತಿ. ನಾ ಕೇಳ್ತಿದ್ದದ್ದು ಮೈಕಿಂದು, ಟೇಪಿಂದಲ್ಲ. ಬರದಿದ್ದನ್ನ ಅಲ್ಲಿಂದಲ್ಲೇ ಓದಿ ಕೇಳಿಸೋ ಮಷಿನ್ ಬ್ಯಾರೆ ಇರ್ತಾವಂತ, ಅದಕ್ಕ ಹೆಡ್ಡೂ ಜಾಸ್ತಿ ರೊಕ್ಕನೂ ಜಾಸ್ತಿ. ಹಂಗೇ ನಿಂತ್ರ ಡ್ರಮ್ಮು ಟೇಪಿನ ಒಂದೇ ಜಾಗ ಉಜ್ಜಿ ಉಜ್ಜಿ ಸವಸ್ತೈತಿ ಅಂತ ಸ್ವಲ್ಪ ಹೊತ್ತಾದ ಮ್ಯಾಲ ಮಷಿನ್ ತಾನೇ ಕೈ ಬಿಡ್ತೈತಿ. ಆ ಕಟಕ್ ಅದೇ. ನಮ್ಮ ಡಬಲ್ ಡೆಕ್ಕಿನ್ಯಾಗ ರೆಕ್ ಪ್ಲೇ ಎರಡೂ ಕೂಡೇ ಅದುಮಿದ್ರ ಠಪ್ ಅಂತ ಕುಂದರ್ತಾವ, ಬೆರಳಿಗೇ ಗೊತ್ತಾಗ್ತೈತಿ. ಇದರ ಬಟನ್ ಮೆತ್ತಗ, ಒತ್ತಿದ್ದೂ ಗೊತ್ತಾಗಂಗಿಲ್ಲ. ಬೈತಾರಂತ ಕಾದೆ, ಬೈಲಿಲ್ಲ. ಕೌಂಟರ್ ನೋಡು, ದೀಪ ನೋಡಬೇಡ ಅಂದ್ರು ಅಷ್ಟೇ.

ನಡುವ ಚಾ ಕುಡಿಯೋಕೆ ಬಿಟ್ಟಾಗ ಅಜ್ಜನ ಹತ್ರ ಹೋಗಿ, ಅಜ್ಜಾರ, ಆ ಮೊದಲಿನ ಗಣಪ್ಪನ ಪದ ಇನ್ನೊಮ್ಮೆ ಹಾಡ್ರಿ, ಟೇಪಿಗೆ ಹಿಡೀಲಿಲ್ಲ ಅಂದೆ. ಅಜ್ಜ ಎಲಿ ಅಡಿಕಿ ಬಾಯಾಗ ಇಟ್ಟುಕೊಂಡೇ, "ಏ ತಮ್ಮಾ, ಒಂದು ರಾತ್ರ್ಯಾಗ ಗಣಪ್ಪನ್ನ ಎರಡು ಸಲ ಎಬ್ಬಸ್ತಾರೇನಲೇ" ಅಂದ. ಮೇಷ್ಟ್ರೂ ಬೇಡಿಕೊಂಡ್ರು, ನೂರು ರೂಪಾಯಿ ತೆಗದ್ರು. ಅಜ್ಜ ರೊಕ್ಕದ ಕಡೆ ನೋಡಲೂ ಇಲ್ಲ. ಮುಂದಿನ ವರ್ಷ ಬರ್ರಿ ಅಂದ.

ಮುಂದಿಂದು ಪಾಡಾತು. ಸಾರಥಿ ಬಂದ, ನೀವು ಧಾರು, ನಿಮ್ಮನ್ನ ಏನಂತ ಕರೀಬೇಕು ಅಂತ ಒಬ್ಬೊಬ್ಬ ಪಾತ್ರನೂ ತಡದು ಕೇಳಿ ನಗಿಸಿದ. ದೊಡ್ಡಾಟದಾಗ ಸಾರಥಿಗೆ ಎಲ್ಲಾ ಮಾಫಿ, ರಾಜನಿಗೂ ಬೈತಾನ, ನಡುವ ಬಂದು ಖುರ್ಚಿನೂ ಸರಸ್ತಾನ. ದುರ್ಯೋಧನ ಬಂದು ಒಂದು ಅಬ್ಬರ ಹೊಡದ ನೋಡ್ರಿ, ಮೀಟರ್ ಸೀದಾ ಸೊನ್ನಿಗೆ ಬಡದು ಓವರ್ ದೀಪ ಹತ್ತಿತು. ಪ್ಯಾಡ್ ಹಾಕಿ ಲೆವೆಲ್ ಸರಿ ಮಾಡೋದ್ರಾಗ ಅವನ ಮೊದಲಿನ ಮಾತು ಹಂಚಿನ ಮ್ಯಾಲಿನ ಉಸುಕಾಗಿತ್ತು. ಹೊಸ ಪಾತ್ರ ಬಂದಾಗೆಲ್ಲ ಸ್ಟಾರ್ಟ್ ಐಡಿ ಬಟನ್ ಒತ್ತೋ ಕೆಲಸ ನಂದೇ. ಅದು ಟೇಪಿನ ಮ್ಯಾಲ 9 ಸೆಕೆಂಡಿನ ಒಂದು ಗುರುತು ಹಾಕ್ತೈತಿ, ಮುಂದ ನಂಬರ್ ಒತ್ತಿದ್ರ ಸೀದಾ ಅಲ್ಲಿಗೇ ಹೋಗಿ ನಿಲ್ತೈತಿ. ತಾನೇ ಹಾಕೋ ಆಟೋ ಐಡಿನೂ ಇತ್ತು, ಆದ್ರ ಅದು ಸುಮ್ಮನಾಗಿ ಮತ್ತ ಸೌಂಡ್ ಬಂದ್ರ ಹೊಸ ಹಾಡು ಅಂತ ತಿಳಕೊಳ್ತೈತಿ, ದೊಡ್ಡಾಟದಾಗ ಸಾರಥಿ ಉಸಿರು ತಗೊಂಡಲ್ಲೆಲ್ಲ ಒಂದೊಂದು ನಂಬರ್ ಬಿದ್ದಾವು. ರಾತ್ರಿ ಮೂರರ ಮ್ಯಾಲ ನಿದ್ದಿಗಣ್ಣಾಗ ನಾನೂ ಅದಕ್ಕಿಂತ ಬ್ಯಾರೆ ಏನೂ ಮಾಡಲಿಲ್ಲ ಅನ್ರಿ.

ಬೆಳಗಿನ ಆರಕ್ಕ ಮಂಗಳ ಹಾಡಿದ್ರು. ನಾಕನೇ ಟೇಪಿನ್ಯಾಗ ಇನ್ನೂ ಹದಿನೇಳು ನಿಮಿಷ ಉಳದಿತ್ತು. ಲಾಡ್ಜಿಗೆ ಬಂದು ಮೇಷ್ಟ್ರು ಮೊದಲು ಒಂದೊಂದೇ ಕ್ಯಾಸೆಟ್ಟಿನ ಹಿಂದಿನ ಸಣ್ಣ ಕಿಟಕಿ ಸರಿಸಿದ್ರು, ಮ್ಯಾಲ ಯಾರೂ ರೆಕಾರ್ಡ್ ಮಾಡೋಕೆ ಬರಬಾರದು ಅಂತ. ತಡೀರಿ ಸರಾ, ಮೊದಲನೇ ಟೇಪಿನ್ಯಾಗ ನನ್ನ ಬೈಗುಳ ಐತಿ, ಅದನ್ನ ಅಳಿಸಿಬಿಡ್ರಿ ಅಂದೆ. ಗುರುತು ಬೇಕಾದ್ರೆ ಅಳಿಸಬಹುದು, ಮುಂದೆ ಹಿಂದೆ ಮಾಡಬಹುದು, ಧ್ವನಿಗೆ ಏನೂ ಆಗಲ್ಲ, ಆದ್ರೆ ಧ್ವನಿ ನಾನು ಮುಟ್ಟಲ್ಲ ಅಂದ್ರು. ಒಂದನೇ ನಂಬರ್ ನನ್ನ ಅವ್ನೌನದ ಮ್ಯಾಲೇ ಕುಂತಿತು.

ಮುಂದಿನ ವರ್ಷ ಅವರೂ ಬರಲಿಲ್ಲ, ನಾನೂ ಆ ಹಳ್ಳಿ ಕಡೆ ಹೋಗಲಿಲ್ಲ. ಸೋನಿಯವರು 2005ಕ್ಕ ಡ್ಯಾಟ್ ಮಷಿನ್ ಮಾಡೋದೇ ನಿಲ್ಲಿಸಿದ್ರು. ನಮ್ಮಂಗಡ್ಯಾಗ ಈಗ ಪೆನ್‌ಡ್ರೈವ್ ಮಿಕ್ಸರ್ ಐತಿ, ಮಾವನ ಮಗ ನೋಡ್ಕೊಳ್ತಾನ.

ಹೋದ ವರ್ಷ ಒಂದು ಫೋನ್ ಬಂತು. ಹೆಣ್ಣುಮಗಳು, ಮೇಷ್ಟ್ರ ಹತ್ರ ಕೆಲಸ ಮಾಡ್ತೀನಿ ಅಂದ್ಲು. ಹಳೇ ಡ್ಯಾಟ್ ಟೇಪೆಲ್ಲಾ ಕಂಪ್ಯೂಟರಿಗೆ ಹಾಕ್ತಾ ಇದ್ದಾರಂತ, ಮಷಿನ್ ಹುಡುಕೋದೇ ಕಷ್ಟ ಆತಂತ, ಹುಡುಕಿದ್ದೂ ಎರಡು ಸಲ ಟೇಪು ನುಂಗಿತಂತ. ಪೆಟ್ಟಿಗಿ ಮ್ಯಾಲ ನಿಮ್ಮ ಅಂಗಡಿ ಹೆಸರಿತ್ತು ಸಾರ್, ಪಟ್ಟಿ ಮಾಡಬೇಕಿತ್ತು, ಮೊದಲನೇ ಟೇಪಿನ ಒಂದನೇ ನಂಬರಿನಲ್ಲಿ ಶುರುವಿಗೇ ಒಂದು ಮಾತು ಬರುತ್ತೆ, ಭಾಳ ಕ್ಲಿಯರಾಗಿದೆ, ಅದು ಯಾವ ಪಾತ್ರ ಸಾರ್ ಅಂತ ಕೇಳಿದ್ಲು.

ಸಾರಥಿ ಅಂತ ಬರ್ಕೊಳ್ಳಮ್ಮಾ ಅಂದೆ.

ಸಂಜಿ ತನಕ ಮನಸ್ಸು ತಡೀಲಿಲ್ಲ. ಮತ್ತ ಫೋನ್ ಹಚ್ಚಿ ಖರೇ ಇದ್ದಿದ್ದು ಹೇಳಿದೆ. ಆಕಿ ಒಂದು ನಿಮಿಷ ನಕ್ಕು, "ಅಯ್ಯೋ ಸಾರ್, ಆಗಲೇ ಎಕ್ಸೆಲ್‌ನಲ್ಲಿ ಎಂಟ್ರಿ ಆಗಿ ಮೇಷ್ಟ್ರು ನೋಡಿಯೂ ಆಯ್ತು, ಅವರು ಏನೂ ಹೇಳಲಿಲ್ಲವಲ್ಲ" ಅಂದ್ಲು.