ಯಕ್ಷಗಾನದ ಬ್ಯಾನರಿನ ದಪ್ಪ ಅಕ್ಷರಗಳು

ಇಂದು ಸಂಜೆ ಶಿರಸಿಯ ಬಸ್ ನಿಲ್ದಾಣದ ಬಳಿ ಕಟ್ಟಿದ್ದ ಬ್ಯಾನರೊಂದನ್ನು ಕುಮಟಾ ಬಸ್ಸಿನ ಕಿಟಕಿಯಿಂದ ನೋಡಿದೆ; ಬಸ್ಸು ಹೊರಳುವಷ್ಟರಲ್ಲಿಯೇ ‘ಯಕ್ಷಗಾನ’ ಎಂಬ ಪದವನ್ನು ಓದಿಯಾಗಿತ್ತು. ಜೆಫ್ರಿ ಲೀ 1965ರಲ್ಲಿ ರೂಪಿಸಿದ ಇಂಪ್ಯಾಕ್ಟ್‌ನಂತಹ ಸ್ಯಾನ್ಸ್ ಸೆರಿಫ್ (ಗೆರೆಗಳ ತುದಿಯಲ್ಲಿ ಚಿಕ್ಕ ಅಡ್ಡಗೆರೆಗಳಿಲ್ಲದ) ಇಂಗ್ಲಿಷ್ ಫಾಂಟುಗಳು ಗೆರೆಯನ್ನು ದಪ್ಪವಾಗಿಸಿ, ಒಳಗಿನ ಬಿಳುಪನ್ನು ಕಿರಿದಾಗಿಸಿ, ಅಕ್ಷರಗಳನ್ನು ಒತ್ತೊತ್ತಾಗಿ ನಿಲ್ಲಿಸಿ ದೂರದಿಂದಲೇ ಕಣ್ಣನ್ನು ಹಿಡಿಯುತ್ತವೆ. ಆದರೆ ಆ ಉಪಾಯವು ಕನ್ನಡಕ್ಕೆ ಹಾಗೆಯೇ ಒಗ್ಗುವುದಿಲ್ಲ: ಗೆರೆ ದಪ್ಪವಾದಂತೆ ‘ಫ’ದ ಬುಡದ ಸೀಳು ಮುಚ್ಚಿಹೋಗಿ ಅದು ‘ಪ’ದಂತೆ ಕಾಣತೊಡಗುತ್ತದೆ, ‘ಕ್ಷ’ದ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಆದ್ದರಿಂದ ವಿನ್ಯಾಸಕಾರರು ಸೀಳಿರುವಲ್ಲಿ ಗೆರೆಯನ್ನು ತುಸು ತೆಳುವಾಗಿಸಬೇಕು, ಒತ್ತಕ್ಷರವನ್ನು ಕುಗ್ಗಿಸಿದರೂ ಅದರ ತೂಕವನ್ನು ಉಳಿಸಿಕೊಳ್ಳಬೇಕು. ಏಕ್ ಟೈಪ್ ಸಂಸ್ಥೆಯ ‘ಬಾಲೂ ತಮ್ಮ’ ಫಾಂಟಿನಲ್ಲಿ ಈ ಕಾಳಜಿ ನನಗೆ ಎದ್ದು ಕಾಣುತ್ತದೆ. ಮುಕ್ತ ಪರವಾನಗಿಯಲ್ಲಿ ದೊರೆಯುವ ಅದನ್ನು ನಮ್ಮ ಫ್ಲೆಕ್ಸ್ ಅಂಗಡಿಗಳೂ ಹಣ ಕೊಡದೆ ಬಳಸಬಹುದು. ಶೀರ್ಷಿಕೆಗೆ ಮಾತ್ರ ಬಳಸಬೇಕು ಎನ್ನುವುದು ನನ್ನ ಕೋರಿಕೆ. ಆ ಬ್ಯಾನರಿನ ಕೆಳತುದಿಯಲ್ಲಿ ಕಲಾವಿದರ ಹೆಸರುಗಳನ್ನೂ ಅದೇ ದಪ್ಪದಲ್ಲಿ, ತೀರಾ ಚಿಕ್ಕದಾಗಿ ಮುದ್ರಿಸಿದ್ದರು. ಭಾಗವತರು ಯಾರೆಂದು ಕೊನೆಗೂ ಓದಲಾಗಲಿಲ್ಲ.