ತಾವರೆ ಎಲೆ ಊಟ

ಇವತ್ತು ಮಧ್ಯಾಹ್ನದ ಊಟ ಶ್ರೀಲಂಕಾದ ಹಬರಣ ಹತ್ತಿರ, ಹಿರಿವಡುನ್ನ ಅನ್ನುವ ಹಳ್ಳಿಯ ಮಣ್ಣಿನ ಗುಡಿಸಲಲ್ಲಿ, ತಾವರೆ ಎಲೆ ಮೇಲೆ. ಮೊದಲು ಎತ್ತಿನ ಗಾಡಿ, ಆಮೇಲೆ ಕೆರೆಯಲ್ಲಿ ದೋಣಿ, ಆಮೇಲೆ ಊಟ. ದುಡ್ಡು ಕೊಟ್ಟು ಎತ್ತಿನ ಗಾಡಿ ಹತ್ತಿದೆ ಅಂತ ಊರಲ್ಲಿ ಅಜ್ಜಿಗೆ ಹೇಳಿದರೆ ಬಿದ್ದು ಬಿದ್ದು ನಗುತ್ತಾಳೆ.

ಅಡುಗೆಯ ಅಕ್ಕ ಕಾಯಿ ತುರಿದು, ಒಣಮೆಣಸಿನಕಾಯಿ, ಸಣ್ಣ ಈರುಳ್ಳಿ ಸೇರಿಸಿ ಕಲ್ಲಲ್ಲಿ ಅರೆದು, ನಿಂಬೆ ಹಿಂಡಿ ಪೊಲ್ ಸಂಬೋಲ ಮಾಡಿದರು. ನಮ್ಮ ಕಾಯಿ ಚಟ್ನಿಯ ದಾಯಾದಿ. ಅದನ್ನು ಅವರಿಗೆ ಯಾರೂ ಕಲಿಸಬೇಕಿಲ್ಲ. ಪ್ರವಾಸಿಗರಿಗೆ ಊಟ ಹಾಕುವುದಕ್ಕೆ ಅವರು ಪಡೆದ ತರಬೇತಿಯಲ್ಲಿ ಕಲಿತದ್ದು ಬೇರೆ ಅಂತ ಗೈಡ್ ಹುಡುಗ ಹೇಳಿದ: ಸೌದೆ, ಕಾಯಿ, ತಮ್ಮ ಕೂಲಿ ಎಲ್ಲ ಕೂಡಿಸಿ ಊಟಕ್ಕೆ ರೇಟು ಹಾಕುವುದು, ಬಂದವರಿಗೆ ಖಾರ ಎಷ್ಟು ಬೇಕು ಅಂತ ಮೊದಲೇ ಕೇಳುವುದು, ಪ್ಲಾಸ್ಟಿಕ್ ಬಾಟಲಿ ಬದಲು ಕುದಿಸಿ ಆರಿಸಿದ ನೀರು ಇಡುವುದು. ಮೊದಲೆಲ್ಲ ಅವರು ತಮ್ಮ ಕೂಲಿಯನ್ನೇ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲವಂತೆ. ನಮ್ಮ ಮನೆ ಹೆಂಗಸರ ಕಥೆಯೂ ಇದೇ ಅಲ್ವಾ?

2018ರಲ್ಲಿ 23 ಲಕ್ಷ ಪ್ರವಾಸಿಗರು ಬಂದ ದೇಶ ಇದು. 2019ರಲ್ಲಿ ಈಸ್ಟರ್ ದಿನದ ಬಾಂಬ್, ಆಮೇಲೆ ಕೋವಿಡ್, 2022ರಲ್ಲಿ ಪೆಟ್ರೋಲಿಗೆ ದಿನಗಟ್ಟಲೆ ಕ್ಯೂ. 2024ಕ್ಕೆ ಮತ್ತೆ 20 ಲಕ್ಷ ದಾಟಿತು. ಯಾರೂ ಬಾರದ ಆ ವರ್ಷಗಳಲ್ಲಿ ಏನು ಮಾಡಿದಿರಿ ಅಂತ ಸುಮ್ನೆ ಕೇಳಿದೆ. ಅಕ್ಕ ಸೌಟು ಹಿಡಿದ ಕೈಯಲ್ಲೇ ಗದ್ದೆ ತೋರಿಸಿದರು. ಆಮೇಲೆ ಅದೇ ಸೌಟಿನಿಂದ ನನ್ನ ಎಲೆಗೆ ಇನ್ನಷ್ಟು ಅನ್ನ.